ಸುಮ್ನೆ ಮಾತಾಡಿಸಿ ಬಿಡುವುದಲ್ಲ

ಕಳ್ಳತನ ಮಾಡಿದ ಹುಡುಗನನ್ನು ಕೂರಿಸಿ ಮಾತಾಡಿಸಿ ಕಳಿಸಿದರೆ ಅದೂ ಒಂದು ಶಿಕ್ಷೆಯಾ ಅಂತ ಕೇಳಿದ್ದೀರಿ. ನ್ಯೂಜಿಲೆಂಡ್‌ನಲ್ಲಿ ಮಕ್ಕಳ ಕುರಿತ 1989ರ ಕಾಯ್ದೆಯಿಂದ ಬಂದ, ತಪ್ಪು ಮಾಡಿದ ಮಕ್ಕಳಿಗಾಗಿ ನಡೆಸುವ ಕುಟುಂಬ ಸಭೆಯನ್ನೇ ನೋಡಿ. ಹುಡುಗ, ಮನೆಯವರು, ಪೊಲೀಸರು ಒಟ್ಟಿಗೆ ಕೂರುತ್ತಾರೆ. ವಸ್ತು ಕಳೆದುಕೊಂಡವರೂ ಬರಬಹುದು, ಬಲವಂತವಿಲ್ಲ. ಬಾಗಿಲು ಮುರಿದ ರಾತ್ರಿಯಿಂದ ಮಗಳು ಒಬ್ಬಳೇ ಮಲಗುತ್ತಿಲ್ಲ ಅಂತ ಅವರು ಎದುರಿಗೇ ಹೇಳಿದರೆ ತಲೆಯೆತ್ತುವುದು ಕಷ್ಟ, ಅಲ್ವಾ? ಕೋರ್ಟಿನಲ್ಲಿ ವಕೀಲರ ಹಿಂದೆ ನಿಲ್ಲುವುದೇ ಸುಲಭ ಅನ್ನಿಸುತ್ತೆ! ಆಮೇಲೆ ಹುಡುಗ ಮತ್ತು ಅವನ ಮನೆಯವರಷ್ಟೇ ಬೇರೆ ಕೂತು, ತಪ್ಪನ್ನು ಹೇಗೆ ಸರಿಪಡಿಸುವುದು ಅಂತ ಯೋಜನೆ ಹಾಕುತ್ತಾರೆ. ಕ್ಷಮೆ, ನಷ್ಟ ಪರಿಹಾರ, ಸಮುದಾಯ ಸೇವೆ ಹೀಗೆ. ಮಾತು ತಪ್ಪಿದರೆ ಕೋರ್ಟ್ ಇದ್ದೇ ಇದೆ. ಹುಳುಕು ಇರುವುದು ನಂತರದ ಉಸ್ತುವಾರಿಯಲ್ಲಿ. ಒಪ್ಪಿಕೊಂಡಿದ್ದನ್ನು ಹುಡುಗ ಮಾಡಿದನಾ ಅಂತ ಯಾರೂ ವಿಚಾರಿಸದಿದ್ದರೆ ನಿಮ್ಮ ಅನುಮಾನವೇ ನಿಜವಾಗುತ್ತದೆ.