ಹ್ಯಾಕ್‌ಮನ್ ಕಾಯುತ್ತಾ ಕೂತವರಲ್ಲ

ಪ್ರಶ್ನೆ: ನನಗೆ 34 ವರ್ಷ, ಬ್ಯಾಂಕಿನಲ್ಲಿ ಕೆಲಸ. ನಟನಾಗುವ ಆಸೆ ಬಿಟ್ಟಿಲ್ಲ. ಹಾಲಿವುಡ್‌ನ ಜೀನ್ ಹ್ಯಾಕ್‌ಮನ್ ನಲವತ್ತು ದಾಟಿದ ಮೇಲೆ ಸ್ಟಾರ್ ಆದರಂತೆ. ತಾಳ್ಮೆಯಿಂದ ಕಾದರೆ ನನಗೂ ಅವಕಾಶ ಸಿಗುತ್ತದಾ?

ಉತ್ತರ: ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಕೇಳುವವರ ವಯಸ್ಸು ಮಾತ್ರ ಬೇರೆ. ‘ಕಾದರು, ಗೆದ್ದರು’ ಅಂತ ಯಾರೋ ರೀಲ್ಸ್ ಮಾಡಿ ಬಿಡುತ್ತಾರೆ, ಜನ ಅದನ್ನೇ ನಂಬುತ್ತಾರೆ. ಹ್ಯಾಕ್‌ಮನ್ ಒಂದು ದಿನವೂ ಸುಮ್ನೆ ಕಾಯಲಿಲ್ಲ. ಹದಿನಾರಕ್ಕೆ ವಯಸ್ಸು ಸುಳ್ಳು ಹೇಳಿ ಮರೀನ್ಸ್ ಪಡೆ ಸೇರಿದರು. ಆಮೇಲೆ ಪ್ಯಾಸಡೀನಾ ಪ್ಲೇಹೌಸ್‌ನಲ್ಲಿ ನಟನೆ ಕಲಿಯಲು ಹೋದರೆ, ಅವರನ್ನೂ ಡಸ್ಟಿನ್ ಹಾಫ್‌ಮನ್‌ರನ್ನೂ ‘ಇವರಿಬ್ಬರು ಉದ್ಧಾರ ಆಗುವುದಿಲ್ಲ’ ಅಂತ ಜೊತೆಯವರೇ ತೀರ್ಮಾನಿಸಿದರು. ನ್ಯೂಯಾರ್ಕಿನಲ್ಲಿ ಪೀಠೋಪಕರಣ ಹೊತ್ತರು, ಬಾಗಿಲು ಕಾದರು, ಜೊತೆಗೇ ನಾಟಕ, ಟಿವಿ, ಸಿಕ್ಕಿದ್ದನ್ನೆಲ್ಲ ಮಾಡಿದರು. 1964ರ ‘ಲಿಲಿತ್’ನಲ್ಲಿ ಸಿಕ್ಕಿದ್ದು ಪುಟ್ಟ ಪಾತ್ರ. ಆದರೆ ಆ ಚಿತ್ರದ ನಾಯಕ ವಾರೆನ್ ಬೀಟಿ ಅವರನ್ನು ಮರೆಯಲಿಲ್ಲ. ‘ಬಾನಿ ಅಂಡ್ ಕ್ಲೈಡ್’ ನಿರ್ಮಿಸುವಾಗ ತೆರೆಯ ಮೇಲೆ ತನ್ನ ಅಣ್ಣನಾಗುವ ಪಾತ್ರಕ್ಕೆ ಕರೆದರು, ಹ್ಯಾಕ್‌ಮನ್‌ಗೆ ಮೊದಲ ಆಸ್ಕರ್ ನಾಮನಿರ್ದೇಶನ ಬಂತು. ಅದೇ 1967ರಲ್ಲಿ ತೆರೆ ಕಂಡ ‘ದ ಗ್ರಾಜುಯೇಟ್’ನಿಂದ ಅವರನ್ನು ರಿಹರ್ಸಲ್ ನಡೆಯುವಾಗಲೇ ತೆಗೆದುಹಾಕಿದ್ದರು. ಕಾರಣ ಏನು ಗೊತ್ತಾ? ಆ ಪಾತ್ರಕ್ಕೆ ಇವರ ವಯಸ್ಸು ಸಾಲದು ಅಂತ!

ಹಾಗಾಗಿ ವಯಸ್ಸಿನ ಲೆಕ್ಕ ಬಿಡಿ, ಕೆಲಸ ನೋಡಿ. 1971ರ ‘ದ ಫ್ರೆಂಚ್ ಕನೆಕ್ಷನ್’ ಆಸ್ಕರ್ ಕೊಟ್ಟಿತು, ಎಲ್ಲರೂ ಅದರ ಕಾರ್ ಚೇಸನ್ನೇ ಹೇಳುತ್ತಾರೆ. ನಾನು ವಿದ್ಯಾರ್ಥಿಗಳಿಗೆ ತೋರಿಸುವುದು 1974ರ ‘ದ ಕಾನ್ವರ್ಸೇಶನ್’. ಅದರಲ್ಲಿ ಅವರು ಬೇರೆಯವರ ಮಾತು ಕದ್ದು ಕೇಳುವ ಕಸುಬಿನವನು. ತೆಳ್ಳನೆ ಪಾರದರ್ಶಕ ರೇನ್‌ಕೋಟು, ದಪ್ಪ ಕನ್ನಡಕ. ಟೇಪ್ ತಿರುಗುತ್ತದೆ, ನಿಲ್ಲುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಅದೇ ಸಾಲು. ಅವರು ಕೇಳುತ್ತಾರೆ, ಅಷ್ಟೇ. ಅಳುವುದಿಲ್ಲ, ಹುಬ್ಬು ಕುಣಿಸುವುದಿಲ್ಲ. ಆದರೂ ಹೆದರಿಕೆ ಆ ಮುಖದೊಳಗೆ ನಿಧಾನಕ್ಕೆ ಇಳಿಯುವುದು ನಮಗೆ ಕಾಣುತ್ತದೆ. ಇದು ಎಲ್ಲಿಂದ ಬಂತು? ಅವರಿಗೆ ಹದಿಮೂರು ವರ್ಷವಿದ್ದಾಗ ಅಪ್ಪ ಮನೆ ಬಿಟ್ಟು ಹೋದರು. ಬೀದಿಯಲ್ಲಿ ಆಡುತ್ತಿದ್ದ ಮಗನಿಗೆ ಕಾರಿನಿಂದಲೇ ಒಂದು ಸಲ ಕೈ ಬೀಸಿದರು, ಹೋದರು. ಒಂದು ಚಿಕ್ಕ ಸನ್ನೆಯಲ್ಲಿ ಎಷ್ಟೆಲ್ಲ ತುಂಬಿರಬಹುದು ಅಂತ ಅವತ್ತು ಅರ್ಥವಾಯಿತು ಎಂದು ಹ್ಯಾಕ್‌ಮನ್ ಮುಂದೆ ಹೇಳಿಕೊಂಡಿದ್ದರು.

ನಿಮಗೆ ನನ್ನ ಮಾತು ಇಷ್ಟೇ. ಬ್ಯಾಂಕ್ ಕೆಲಸ ಬಿಡಬೇಡಿ, ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುವವನು, ಮನೆ ಮಾರಿ ಬಂದವರನ್ನು ಕಣ್ಣಾರೆ ನೋಡಿದ್ದೇನೆ. ಊರಿನ ಹವ್ಯಾಸಿ ತಂಡ ಸೇರಿ. ಎರಡು ಮಾತಿನ ಪಾತ್ರ ಕೊಟ್ಟರೂ ಮಾಡಿ, ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳಿ. ‘ಮೂರು ತಿಂಗಳಲ್ಲಿ ಹೀರೋ ಮಾಡುತ್ತೇವೆ’ ಅಂತ ಲಕ್ಷಗಟ್ಟಲೆ ಕೇಳುವವರು ಕಳ್ಳರು. ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: 2004ರ ನಂತರ ಅವರನ್ನು ಯಾರೂ ಕರೆಯಲಿಲ್ಲವಂತೆ?

ಉತ್ತರ: ಸುಳ್ಳು. ಹೃದಯಕ್ಕೆ ಒತ್ತಡ ಬೇಡ ಎಂದು ವೈದ್ಯರು ಹೇಳಿದರು, ನಿಲ್ಲಿಸಿದರು, ಕಾದಂಬರಿ ಬರೆದರು.

ಪ್ರಶ್ನೆ: 2025ರಲ್ಲಿ ಗಂಡ, ಹೆಂಡತಿ ಇಬ್ಬರೂ ಮನೆಯಲ್ಲೇ ತೀರಿಕೊಂಡಿದ್ದು ಕೊಲೆಯಂತೆ, ಯೂಟ್ಯೂಬಿನಲ್ಲಿ ನೋಡಿದೆ.

ಉತ್ತರ: ಅಲ್ಲ. ಪತ್ನಿ ಇಲಿಗಳಿಂದ ಹರಡುವ ಹಂಟಾವೈರಸ್‌ನಿಂದ, ಸುಮಾರು ಒಂದು ವಾರದ ನಂತರ ಅವರು ಹೃದ್ರೋಗದಿಂದ ತೀರಿಕೊಂಡರು ಎಂದು ವೈದ್ಯಕೀಯ ತನಿಖೆ ಸ್ಪಷ್ಟವಾಗಿ ಹೇಳಿದೆ. ಅವರಿಗೆ 95 ವರ್ಷ, ಅಲ್ಝೈಮರ್ ಕೂಡ ಇತ್ತು. ಸತ್ತವರ ಮೇಲೆ ಇಂಥ ಕಥೆ ಕಟ್ಟಿ ದುಡ್ಡು ಮಾಡುವವರ ವಿಡಿಯೊ ದಯವಿಟ್ಟು ನೋಡಬೇಡಿ.

ಪ್ರಶ್ನೆ: ಮೊದಲು ಯಾವ ಚಿತ್ರ ನೋಡಲಿ?

ಉತ್ತರ: ಮೇಲೆ ಹೇಳಿದ ‘ದ ಕಾನ್ವರ್ಸೇಶನ್’. ರಾತ್ರಿ ನೋಡಿ, ಇಯರ್‌ಫೋನ್ ಹಾಕಿಕೊಂಡು.