ಪರೀಕ್ಷೆಯ ವರದಿಗೆ ಕಾಯದೆ ಔಷಧ ಕೊಡುವುದೇಕೆ?

ಮೂತ್ರನಾಳದಿಂದ ಕೀವು ಬರುತ್ತಿದೆಯೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ನೀಡುವ ಸುರಕ್ಷಾ ಕ್ಲಿನಿಕ್‌ಗೆ ಹೋದರೆ, ವರದಿ ಬರುವ ಮೊದಲೇ ಔಷಧವಿರುವ ಬೂದು ಬಣ್ಣದ ಪೊಟ್ಟಣವನ್ನು ಕೈಗಿತ್ತರೆಂದೂ, ಇದು ಅಸಡ್ಡೆಯಲ್ಲವೇ ಎಂದೂ ನೀವು ಕೇಳಿದ್ದೀರಿ. ಇಂಥ ಕ್ಲಿನಿಕ್ಕಿನಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಅದು ಅಸಡ್ಡೆಯಲ್ಲ, ಯೋಚಿಸಿಯೇ ರೂಪಿಸಿದ ಕ್ರಮ.

ಸಂಕೋಚವನ್ನು ಮೀರಿ ಬಂದವರನ್ನು ‘ವರದಿ ಬಂದ ಮೇಲೆ ಬನ್ನಿ’ ಎಂದು ಕಳುಹಿಸಿದರೆ ಅನೇಕರು ಮತ್ತೆ ಬರುವುದೇ ಇಲ್ಲ. ಅಷ್ಟರಲ್ಲಿ ಸೋಂಕು ಸಂಗಾತಿಗೂ ಹರಡಿರಬಹುದು. ಆದ್ದರಿಂದಲೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು, ರೋಗಲಕ್ಷಣಗಳನ್ನು ನೋಡಿ ಅವುಗಳಿಗೆ ಸಾಮಾನ್ಯವಾಗಿ ಕಾರಣವಾಗುವ ಸೋಂಕುಗಳಿಗೆಲ್ಲ ಮೊದಲ ಭೇಟಿಯಲ್ಲೇ ಉಚಿತ ಚಿಕಿತ್ಸೆ ನೀಡುವ, ಏಳು ಬಣ್ಣದ ಪೊಟ್ಟಣಗಳ ಪದ್ಧತಿಯನ್ನು ತಂದಿತು. ಬೂದು ಪೊಟ್ಟಣದ 1 ಗ್ರಾಂ ಅಜಿತ್ರೋಮೈಸಿನ್ ಮತ್ತು 400 ಮಿಲಿಗ್ರಾಂ ಸೆಫಿಕ್ಸಿಮ್, ಹಲವೊಮ್ಮೆ ಒಟ್ಟಿಗೇ ಇರುವ ಕ್ಲಮೈಡಿಯಾ ಮತ್ತು ಗೊನೋರಿಯಾ ಎಂಬ ಎರಡೂ ಲೈಂಗಿಕ ಸೋಂಕುಗಳಿಗೆ ಉದ್ದೇಶಿಸಿದವು. ಜನನಾಂಗದ ಹುಣ್ಣಿಗೆ ಕೊಡುವ ಬಿಳಿ ಪೊಟ್ಟಣದಲ್ಲಿ ಪೆನಿಸಿಲಿನ್ ಇರುತ್ತದೆ. ಅದು ಒಗ್ಗದವರಿಗೆಂದೇ ನೀಲಿ ಪೊಟ್ಟಣವಿದೆ. ಇಂಥ ಹುಣ್ಣು ತರುವ ಸಿಫಿಲಿಸ್ ಸೋಂಕಿಗೆ ಮತ್ತು ಎಚ್‌ಐವಿಗೆ ರಕ್ತಪರೀಕ್ಷೆ ಹೇಗೂ ಬೇಕೇ ಬೇಕು.

ಈ ಪದ್ಧತಿಗೆ ಒಂದು ದೊಡ್ಡ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಲಕ್ಷಣವೇ ಇಲ್ಲದವರನ್ನು ಅದು ತಲುಪಲಾರದು. ಹೆಂಗಸರಲ್ಲಿ ಕ್ಲಮೈಡಿಯಾ ಬಹುಪಾಲು ಯಾವ ಸುಳಿವನ್ನೂ ಕೊಡದೆ ಒಳಗೇ ಉಳಿದು, ಮುಂದೆ ಬಂಜೆತನಕ್ಕೂ ದಾರಿಯಾಗಬಹುದು. ಅಂಥವರನ್ನು ತಲುಪುವುದು ಹೇಗೆಂಬುದಕ್ಕೆ ಮೈಸೂರೇ ಉತ್ತರ ಕೊಟ್ಟಿದೆ ಎಂದು ನಾನು ನಂಬಿದ್ದೇನೆ. ಅಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ಕಾಂಡೋಮ್ ಬಳಕೆಯನ್ನು ಹೆಚ್ಚಿಸಿ, ತಮ್ಮವರನ್ನು ತಪಾಸಣೆಗೆ ಕರೆತಂದ ಕಾರ್ಯಕ್ರಮದಲ್ಲಿ, 2004ರಿಂದ 2006ರೊಳಗೆ ಅವರಲ್ಲಿ ಸಿಫಿಲಿಸ್ ಪ್ರಮಾಣ ಶೇ 25ರಿಂದ 12ಕ್ಕೂ, ಕ್ಲಮೈಡಿಯಾ ಶೇ 11ರಿಂದ 5ಕ್ಕೂ ಇಳಿಯಿತು. ಎಚ್‌ಐವಿ ಮಾತ್ರ ಹೆಚ್ಚೇನೂ ಇಳಿಯಲಿಲ್ಲ. ಜೀವನಪರ್ಯಂತ ಉಳಿಯುವ ಸೋಂಕಿನ ಪ್ರಮಾಣ ಎರಡೇ ವರ್ಷದಲ್ಲಿ ಇಳಿಯುವಂಥದ್ದೂ ಅಲ್ಲ. ಕಳಂಕದ ಭಯದಿಂದ ಆಸ್ಪತ್ರೆಯ ಮೆಟ್ಟಿಲು ಹತ್ತದಿದ್ದ ಹೆಂಗಸರು ತಮ್ಮವರ ಮಾತಿಗೆ ಓಗೊಟ್ಟು ಬಂದರು ಎಂಬುದು ನನಗೆ ಈ ಅಂಕಿಗಳಿಗಿಂತಲೂ ಮುಖ್ಯವಾಗಿ ಕಾಣುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ ಅವರಿಂದಲೇ ನಿಮಗೆ ಸೋಂಕು ಮರಳಬಹುದು. ಇಬ್ಬರೂ ಔಷಧ ಪಡೆಯಿರಿ, ಗುಣವಾಗುವವರೆಗೆ ಲೈಂಗಿಕ ಸಂಪರ್ಕ ಬೇಡ, ಏಳು ದಿನಗಳ ನಂತರ ಮತ್ತೆ ವೈದ್ಯರಿಗೆ ತೋರಿಸಿ. ಕೀವು ನಿಲ್ಲದಿದ್ದರೆ ಅಂಗಡಿಯಿಂದ ಬೇರೆ ಮಾತ್ರೆ ಕೊಳ್ಳದೆ ಅದೇ ಕ್ಲಿನಿಕ್‌ಗೆ ಹೋಗಿ, ಏಕೆಂದರೆ ಗೊನೋರಿಯಾ ಈಗ ಹಲವು ಔಷಧಗಳಿಗೆ ಬಗ್ಗುತ್ತಿಲ್ಲ. ಹೆಸರು ಹೇಳದೆ ಕನ್ನಡದಲ್ಲೇ ವಿಚಾರಿಸಬೇಕೆಂದರೆ 1097 ಸಹಾಯವಾಣಿಗೆ ಕರೆ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ.