ಬೈಬಲ್ ವಚನವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲೇಬೇಕಾ? ನಂಬಿಕೆ ಇದ್ದರೆ ಸಾಲದಾ?

ಸಾಲದು. ಏನನ್ನು ನಂಬಬೇಕು ಅನ್ನೋದೇ ಆ ವಚನಗಳಿಂದ ಗೊತ್ತಾಗಬೇಕಲ್ವಾ?

ಯೆರೆಮೀಯ 29:11 ನೋಡಿ. ದೇವರ ಯೋಚನೆಗಳು ನಿಮ್ಮ ಹಿತಕ್ಕಾಗಿಯೇ ಇವೆ ಅನ್ನುವ ಮಾತು. ಸಂದರ್ಶನಕ್ಕೆ ಹೊರಟವರಿಗೆ, ಮದುವೆ ಕಾರ್ಡಿಗೆ, ಎಲ್ಲದಕ್ಕೂ ಇದನ್ನೇ ಬರೆಯುತ್ತಾರೆ. ಆದರೆ ಇದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದ ಒಂದು ಸಾಲು, ಅದರ ಹಿಂದಿನ ವಚನದಲ್ಲೇ 70 ವರ್ಷ ಆಗಬೇಕು ಅಂತಿದೆ, ಅಂದರೆ ಕೇಳಿಸಿಕೊಂಡವರಲ್ಲಿ ಬಹಳ ಮಂದಿ ಊರಿಗೆ ಮರಳುವ ಮೊದಲೇ ಸಾಯುವವರು. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಅಂತಲೂ ಹೇಳಿದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಅಂದವನು ಸುಳ್ಳು ಪ್ರವಾದಿ ಹನನ್ಯ (ಹಿಂದಿನ ಅಧ್ಯಾಯ ಓದಿ, ಸ್ವಾರಸ್ಯವಾಗಿದೆ). ಇದನ್ನು ಬಿಟ್ಟು ಒಂದೇ ಸಾಲು ಹಿಡಿದುಕೊಂಡವರು ಕೆಲಸ ಸಿಗದಿದ್ದಾಗ ದೇವರು ಮಾತು ತಪ್ಪಿದ ಅಂತ ಕುಗ್ಗುತ್ತಾರೆ. ದೇವರು ಆ ಮಾತು ಕೊಟ್ಟೇ ಇರಲಿಲ್ಲ!

ಇನ್ನೊಂದು: ಮತ್ತಾಯ 4ರಲ್ಲಿ ಸೈತಾನನೂ ದೇವದೂತರು ನಿನ್ನನ್ನು ಕಾಯುತ್ತಾರೆ ಅನ್ನುವ ಕೀರ್ತನೆ 91ರ ವಚನ ಹೇಳಿ, ದೇವಾಲಯದ ಮೇಲಿಂದ ಧುಮುಕು ಅಂತ ಯೇಸುವಿಗೆ ಅನ್ನುತ್ತಾನೆ. ವಚನ ಸರಿಯೇ, ಬಳಸಿದ ರೀತಿ ತಪ್ಪು. ಯೇಸು ಇನ್ನೊಂದು ವಚನದಿಂದಲೇ ಉತ್ತರ ಕೊಡುತ್ತಾನೆ.

ಇದಕ್ಕೆ ಗ್ರೀಕ್, ಹೀಬ್ರೂ ಕಲಿಯಬೇಕಿಲ್ಲ. ಯಾರು, ಯಾರಿಗೆ, ಯಾವಾಗ ಹೇಳಿದ್ದು ಅಂತ ನೋಡಿ, ಇಡೀ ಅಧ್ಯಾಯ ಓದಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತೆ.